ಧೂಳು ಒರೆಸದೆ ಮಾರಿದ ಕಾರು

ಹಳೆಯ ಸ್ಕೂಟರ್ ಮಾರಬೇಕೆಂದರೂ ನಾವು ಮೊದಲು ಅದನ್ನು ತೊಳೆಯುತ್ತೇವೆ. ಕೊಳ್ಳಲು ಬರುವವರ ಕಣ್ಣಿಗೆ ನಾಲ್ಕು ದಿನದ ಮಣ್ಣು ಬೀಳಬಾರದು. 2015ರ ಫೆಬ್ರವರಿ 6ರಂದು ಪ್ಯಾರಿಸ್ಸಿನಲ್ಲಿ ನಡೆದದ್ದು ಇದಕ್ಕೆ ತೀರಾ ತದ್ವಿರುದ್ಧ. ರೆಟ್ರೊಮೊಬಿಲ್ ಎಂಬ ಹಳೆ ಕಾರುಗಳ ಜಾತ್ರೆಯಲ್ಲಿ ಆರ್ಟ್‌ಕ್ಯೂರಿಯಲ್ ಎಂಬ ಹರಾಜು ಸಂಸ್ಥೆ 1961ರ ಕಡುನೀಲಿ ಫೆರಾರಿಯೊಂದನ್ನು ಮಾರಾಟಕ್ಕಿಟ್ಟಿತು. ಅದರ ಮೈಮೇಲೆ ದಶಕಗಳ ಧೂಳು ಹಾಗೇ ಇತ್ತು. ಯಾರೂ ಒರೆಸಿರಲಿಲ್ಲ, ಒರೆಸಬಾರದೆಂದೇ ಎಚ್ಚರ ವಹಿಸಿದ್ದರು. ಹರಾಜು ಮುಗಿದಾಗ ಅದರ ಬೆಲೆ ಸುಮಾರು 1.63 ಕೋಟಿ ಯೂರೊ.

ಕಾರಿನ ಹೆಸರು ಫೆರಾರಿ 250 ಜಿಟಿ ಕ್ಯಾಲಿಫೋರ್ನಿಯಾ ಸ್ಪೈಡರ್. ಇಟಲಿಯವರು ತೆರೆದ ಎರಡು ಸೀಟಿನ ಕಾರಿಗೆ ಸ್ಪೈಡರ್ ಎನ್ನುತ್ತಾರೆ; ಅದು ಕುದುರೆಗಾಡಿಗಳ ಕಾಲದಿಂದ ಬಂದ ಹೆಸರು. 250 ಎಂಬುದು ಒಂದು ಸಿಲಿಂಡರಿನ ಅಳತೆ. ಅಂಥ 12 ಸಿಲಿಂಡರುಗಳು ಸೇರಿ ಮೂರು ಲೀಟರಿನ ಎಂಜಿನ್. ಇನ್ನು ಕ್ಯಾಲಿಫೋರ್ನಿಯಾ? ಎಂಜೊ ಫೆರಾರಿಗೆ ರಸ್ತೆಯ ಕಾರುಗಳ ಮೇಲೆ ಅಂಥ ಮೋಹವೇನೂ ಇರಲಿಲ್ಲ. ಅವುಗಳನ್ನು ಮಾರಿದ ಹಣದಲ್ಲಿ ರೇಸು ನಡೆಯಬೇಕು, ಅಷ್ಟೇ. ಬಿಸಿಲಿನ ನಾಡಿನ ಶ್ರೀಮಂತರಿಗೆ ರೇಸಿಗೂ ಒಯ್ಯಬಹುದಾದ, ಕಡಲ ದಂಡೆಗೂ ಒಯ್ಯಬಹುದಾದ ತೆರೆದ ಕಾರು ಬೇಕು ಎಂದು ಹಟ ಹಿಡಿದವರು ಅಮೆರಿಕದ ವ್ಯಾಪಾರಿಗಳು. ಹಾಗಾಗಿ ಮಾರುಕಟ್ಟೆಯ ಹೆಸರೇ ಕಾರಿನ ಹೆಸರಾಯಿತು. 1957ರಿಂದ ಐದಾರು ವರ್ಷಗಳಲ್ಲಿ ತಯಾರಾದದ್ದು ನೂರರ ಆಸುಪಾಸು ಮಾತ್ರ.

ಅದರ ಬಾಡಿ ತಯಾರಾದದ್ದು ಮೊಡೆನಾ ಊರಿನ ಸೆರ್ಜಿಯೊ ಸ್ಕಾಲಿಯೆತ್ತಿಯ ಕಾರ್ಖಾನೆಯಲ್ಲಿ. ತಗಡು ಬಡಿಯುವುದರಲ್ಲಿ ಅವನದು ಪಳಗಿದ ಕೈ. ನಕ್ಷೆಗಿಂತ ಕಣ್ಣಳತೆಯನ್ನೇ ಹೆಚ್ಚು ನಂಬುತ್ತಿದ್ದ. ಹಾಗೆ ಕೈಯಲ್ಲಿ ಬಡಿದ ಎರಡು ಬಾಡಿಗಳು ಒಂದೇ ಥರ ಇರುವುದಿಲ್ಲ. ಒಂದರ ಬಾಗಿಲು ಇನ್ನೊಂದಕ್ಕೆ ಸಲೀಸಾಗಿ ಕೂರುವುದೂ ಇಲ್ಲ. ಮುಂದಿನ ಕತೆಗೆ ಇದು ಮುಖ್ಯ. ಇಂಥ ಕಾರಿಗೆ ಹೊಸದಾಗಿ ಟಿಂಕರಿಂಗ್ ಮಾಡಿಸಿ ಬಣ್ಣ ಬಳಿದರೆ ಅದು ಹೊಳೆಯುತ್ತದೆ ನಿಜ, ಆದರೆ 1961ರಲ್ಲಿ ಸುತ್ತಿಗೆ ಹಿಡಿದವನ ಕೈಗುರುತು ಹೋಗಿಬಿಡುತ್ತದೆ.

ಪ್ಯಾರಿಸ್ಸಿನಲ್ಲಿ ಮಾರಾಟವಾದ ಕಾರನ್ನು ಮೊದಲು ಕೊಂಡವನು ಫ್ರೆಂಚ್ ನಟ ಜೆರಾರ್ ಬ್ಲೆನ್. ಅವನಿಂದ ಅದು ಅಲೆನ್ ದೆಲೋನ್ ಕೈಗೆ ಬಂತು. ಸ್ಟಿಯರಿಂಗ್ ಹಿಡಿದ ದೆಲೋನ್, ಪಕ್ಕದಲ್ಲಿ ಜೇನ್ ಫಾಂಡಾ: ಅರವತ್ತರ ದಶಕದ ಆ ಫೋಟೊ ಈಗಲೂ ಓಡಾಡುತ್ತಿದೆ. ದೆಲೋನ್ ಅದನ್ನು ಹೆಚ್ಚು ಕಾಲ ಇಟ್ಟುಕೊಳ್ಳಲಿಲ್ಲ. ಆಗ ಅದು ಹತ್ತು ವರ್ಷ ಹಳೆಯದಾಗುತ್ತಾ ಬಂದಿದ್ದ, ಗ್ಯಾರೇಜಿನ ಖರ್ಚು ಹೆಚ್ಚಿದ್ದ ಇನ್ನೊಂದು ಕಾರು ಅಷ್ಟೇ. 1971ರಲ್ಲಿ ಅದನ್ನು ಕೊಂಡವನು ಪಶ್ಚಿಮ ಫ್ರಾನ್ಸಿನ ಸಾರಿಗೆ ಉದ್ಯಮಿ ರೋಜೆ ಬಯೋನ್.

ನನಗೆ ಈ ಕತೆಯಲ್ಲಿ ದೆಲೋನ್‌ಗಿಂತ ಬಯೋನನೇ ಹೆಚ್ಚು ಕಾಡುತ್ತಾನೆ. ಲಾರಿಗಳಲ್ಲಿ ಹಣ ಮಾಡಿದ ಈತನಿಗೆ ಯುದ್ಧಕ್ಕೆ ಮುಂಚಿನ ಫ್ರೆಂಚ್ ಕಾರುಗಳ ಹುಚ್ಚು. ಜನ ಗುಜರಿಗೆ ಹಾಕುತ್ತಿದ್ದ ಕಾಲದಲ್ಲಿ ದೆಲಾಜ್, ದೆಲಾಯೆ, ಟಾಲ್ಬೊ-ಲಾಗೊಗಳನ್ನು ಕೊಂಡು ತಂದ. ಈಜಿಪ್ಟಿನ ದೊರೆ ಫಾರೂಕ್ ಓಡಿಸಿದ್ದ ಕಾರೂ ಅದರಲ್ಲಿತ್ತು. ಎಲ್ಲವನ್ನೂ ರಿಪೇರಿ ಮಾಡಿಸಿ ಮ್ಯೂಸಿಯಂ ಕಟ್ಟಬೇಕೆಂಬ ಆಸೆ. ಎಪ್ಪತ್ತರ ದಶಕದಲ್ಲಿ ವ್ಯಾಪಾರ ಕುಸಿಯಿತು. 1979ರಲ್ಲಿ ಸಾಲದ ಬಾಬ್ತಿಗೆ ಐವತ್ತರಷ್ಟು ಕಾರುಗಳು ಹರಾಜಾದವು. ಉಳಿದವು ಜಮೀನಿನ ಶೆಡ್ಡುಗಳಲ್ಲಿ ನಿಂತೇ ಇದ್ದವು. ಬಯೋನ್ ತೀರಿಕೊಂಡ, ಮಗನೂ ತೀರಿಕೊಂಡ. 2014ರಲ್ಲಿ ಮೊಮ್ಮಕ್ಕಳು ಹರಾಜು ಸಂಸ್ಥೆಯವರನ್ನು ಕರೆಸಿದಾಗ ಸುಮಾರು 60 ಕಾರುಗಳು ಬೆಳಕಿಗೆ ಬಂದವು.

ಫೆರಾರಿ ಸಿಕ್ಕಿದ್ದು ಒಂದು ಮುಚ್ಚಿದ ಗ್ಯಾರೇಜಿನಲ್ಲಿ, ಒಂದು ಮಸೆರಾಟಿಯ ಪಕ್ಕ. ಅದರ ಮೇಲೆ ಹಳೆಯ ಪತ್ರಿಕೆಗಳ ರಾಶಿ. ಯಾರದೋ ಮನೆಯ ಅಟ್ಟದ ಹಾಗೆ, ಜಾಗವಿದ್ದಲ್ಲಿ ಒಟ್ಟಿದ್ದರು.

ಇದನ್ನು ‘ಚೆನ್ನಾಗಿ ಕಾಪಾಡಿದ’ ಕಾರು ಎನ್ನಬಹುದೆ? ಕಾಪಾಡಬೇಕೆಂದು ಯಾರೂ ಕಾಪಾಡಲಿಲ್ಲ. ಬಯೋನನ ಕೈಯಲ್ಲಿ ದುಡ್ಡು ಉಳಿದಿದ್ದರೆ ಅವನು ಇದನ್ನು ಪ್ರೀತಿಯಿಂದಲೇ ಬಿಚ್ಚಿಸಿ, ಹೊಸ ಬಣ್ಣ, ಹೊಸ ಚರ್ಮ ಹಾಕಿಸುತ್ತಿದ್ದ. ಎಪ್ಪತ್ತು ಎಂಬತ್ತರ ದಶಕದ ಕಾರುಪ್ರೇಮಿಗಳೆಲ್ಲ ಹಾಗೇ ಮಾಡಿದರು, ಎಷ್ಟೋ ಒಳ್ಳೆಯ ಕಾರುಗಳು ಹಾಗೆ ತಮ್ಮ ಹಳೆಯ ಮೈ ಕಳೆದುಕೊಂಡವು. ಇದನ್ನು ಉಳಿಸಿದ್ದು ಅವನ ಬಡತನ, ಮೇಲಿನ ಸೂರು ಮತ್ತು ಮನೆಯವರ ಮರೆವು. ರುಚಿ ಬದಲಾದದ್ದು ತಡವಾಗಿ. ಕ್ಯಾಲಿಫೋರ್ನಿಯಾದ ಪೆಬಲ್ ಬೀಚಿನ ಹೆಸರಾಂತ ಸ್ಪರ್ಧೆ, ಮೂಲರೂಪದಲ್ಲೇ ಉಳಿದ ಕಾರುಗಳಿಗೆ ಪ್ರತ್ಯೇಕ ವರ್ಗ ತೆರೆದದ್ದು 2001ರಲ್ಲಿ. ಅಲ್ಲಿಯವರೆಗೆ ಬಿರುಕು ಬಿಟ್ಟ ಬಣ್ಣ ಕೇವಲ ದೋಷವಾಗಿತ್ತು.

ಬೆಲೆಯ ಏರಿಕೆಯೂ ಅಷ್ಟೇ ತಡ. 1986ರ ‘ಫೆರಿಸ್ ಬ್ಯೂಲರ್ಸ್ ಡೇ ಆಫ್’ ಚಿತ್ರ ನೋಡಿದವರಿಗೆ ಈ ಕಾರು ನೆನಪಿರುತ್ತದೆ: ಓಡಿಸದೆ ಬರೀ ಒರೆಸುತ್ತಾ ಕೂರುವ ಅಪ್ಪ, ಕೊನೆಗೆ ಗ್ಯಾರೇಜಿನ ಗಾಜು ಒಡೆದುಕೊಂಡು ಕಂದಕಕ್ಕೆ ಬೀಳುವ ಕೆಂಪು ಕಾರು. ಬಿದ್ದದ್ದು ನಕಲಿ. ಅಸಲಿಯನ್ನು ಹಾಗೆ ಹಾಳುಮಾಡುವುದು ಆಗಲೇ ಹಾಲಿವುಡ್ಡಿಗೂ ಕೈಗೆಟುಕದ ಮಾತಾಗಿತ್ತು. 2008ರಲ್ಲಿ ನಟ ಜೇಮ್ಸ್ ಕೋಬರ್ನ್ ಓಡಿಸಿದ್ದ ಇಂಥದೇ ಕಾರು ಸುಮಾರು 70 ಲಕ್ಷ ಯೂರೊಗೆ ಹೋಯಿತು. ಬಯೋನನ ಧೂಳಿನ ಕಾರಿಗೆ ಏಳು ವರ್ಷಗಳ ಬಳಿಕ ಅದರ ಇಮ್ಮಡಿಗೂ ಮೀರಿ ಸಿಕ್ಕಿತು. ಮೊಮ್ಮಕ್ಕಳಿಗೆ ಅದೃಷ್ಟ, ಸರಿ. ಅಜ್ಜನ ಮ್ಯೂಸಿಯಂ ಮಾತ್ರ ಒಂದೇ ಮಧ್ಯಾಹ್ನದಲ್ಲಿ ಲೋಕದ ಮೂಲೆಮೂಲೆಗೆ ಚದುರಿಹೋಯಿತು.

ಅದೇ ಹರಾಜಿನಲ್ಲಿ ಅವನು ಮೊದಲು ಪ್ರೀತಿಸಿದ ಫ್ರೆಂಚ್ ಕಾರುಗಳೂ ಇದ್ದವು. ಅವಕ್ಕೆ ಸಿಕ್ಕಿದ್ದು ಪಕ್ಕದ ಗೋಡೆಗಳಿಲ್ಲದ ತಗಡಿನ ಶೆಡ್ಡು. ಮಳೆಗಾಳಿಗೆ ನೆಲದ ತಗಡು ತುಕ್ಕು ತಿಂದು ಉದುರಿತ್ತು, ಬಳ್ಳಿ ಒಳಗೆ ಹಬ್ಬಿತ್ತು. ಕೆಲವನ್ನು ತಳ್ಳಿಕೊಂಡು ಬರುವಂತಿರಲಿಲ್ಲ, ಎತ್ತಿಯೇ ಸಾಗಿಸಬೇಕಾಯಿತು.