ಕೊಯ್ದ ಮೂಗು, ಕೂಡಿಸಿದ ಕೈ

ದೆಹಲಿಯ ಕರ್ನಾಟಕ ಭವನವಿರುವುದು ಚಾಣಕ್ಯಪುರಿಯ ಕೌಟಿಲ್ಯ ಮಾರ್ಗದಲ್ಲಿ. ಆ ಕೌಟಿಲ್ಯನ ಅರ್ಥಶಾಸ್ತ್ರವು ಮೂಗು ಕಿವಿಗಳನ್ನು ಕೊಯ್ಯುವ ಶಿಕ್ಷೆಯನ್ನೂ, ಅದಕ್ಕೆ ಬದಲಾಗಿ ತೆರಬೇಕಾದ ಹಣವನ್ನೂ ವಿಧಿಸುತ್ತದೆ. ಕೊಯ್ಯಿಸಿದವರ ವೃತ್ತಾಂತಕ್ಕೆ ನಮ್ಮ ಚರಿತ್ರೆಯಲ್ಲಿ ಕೊರತೆಯಿಲ್ಲ. ಕೂಡಿಸಿದವರ ವಿಷಯ ಮಾತ್ರ ವಿರಳ. ಆ ವಿರಳ ಸಾಕ್ಷ್ಯಗಳಲ್ಲಿ ಎರಡು ಕನ್ನಡ ನಾಡಿನ ಯುದ್ಧಗಳಿಗೆ ಸಂಬಂಧಿಸಿದುವು.

ಮೊದಲನೆಯದು 17ನೆಯ ಶತಮಾನದ್ದು. ಮೈಸೂರಿನವರು ಶತ್ರುಗಳ ಮೂಗನ್ನು ಕೊಯ್ಯುತ್ತಿದ್ದರೆಂದೂ, ಬಿಜಾಪುರದ ವೈದ್ಯರು ಹಣೆಯ ಚರ್ಮವನ್ನು ಇಳಿಸಿ ಹೊಸ ಮೂಗನ್ನು ರಚಿಸುತ್ತಿದ್ದರೆಂದೂ ವೆನಿಸಿನ ಪ್ರವಾಸಿ ಮನೂಚಿ ಬರೆದಿದ್ದಾನೆ. ಸುಶ್ರುತಸಂಹಿತೆಯಲ್ಲಿ ಹೇಳಿರುವುದು ಕೆನ್ನೆಯ ಚರ್ಮವನ್ನು, ಹಣೆಯದನ್ನಲ್ಲ. ಆದುದರಿಂದ ಹಣೆಯ ಕ್ರಮವನ್ನು ಗ್ರಂಥಕ್ಕಿಂತ ಕಸುಬಿನ ಪರಂಪರೆಗೆ ಸಲ್ಲಿಸುವುದೇ ನ್ಯಾಯ.

ಎರಡನೆಯದು ಮೂರನೆಯ ಮೈಸೂರು ಯುದ್ಧದ್ದು. ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆಯ 1794ರ ಅಕ್ಟೋಬರ್ ಸಂಚಿಕೆಯ ಪ್ರಕಾರ, ಇಂಗ್ಲಿಷ್ ಸೇನೆಯಲ್ಲಿ ಎತ್ತು ಹೊಡೆಯುತ್ತಿದ್ದ ಕಾವಸ್ಜಿ ಎಂಬ ಮರಾಠನು 1792ರ ಯುದ್ಧದಲ್ಲಿ ಟೀಪುವಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಸುಮಾರು ಒಂದು ವರ್ಷದ ಮೇಲೆ ಪುಣೆಯ ಬಳಿ ಇಟ್ಟಿಗೆ ಮಾಡುವ ಕುಲದವನೊಬ್ಬನು ಅವನಿಗೆ ಮೂಗನ್ನು ಕೂಡಿಸಿದನು. ಮೇಣದಿಂದ ಮೂಗಿನ ಅಚ್ಚು ಮಾಡಿ, ಅದನ್ನು ಹಣೆಯ ಮೇಲೆ ಚಪ್ಪಟೆಯಾಗಿಟ್ಟು ಗೆರೆ ಎಳೆದು, ಆ ಚರ್ಮವನ್ನು ಬಿಡಿಸುವುದು. ಹುಬ್ಬುಗಳ ನಡುವೆ ಒಂದು ಎಳೆಯನ್ನು ಮಾತ್ರ ಕಡಿಯದೆ ಉಳಿಸಿ, ಚರ್ಮವನ್ನು ತಿರುಗಿಸಿ ಮೂಗಿನ ಗಾಯಕ್ಕೆ ಸೇರಿಸುವುದು. ಹೊಲಿಗೆಯಿಲ್ಲದೆ ಕಾಚು ಸವರಿದ ಬಟ್ಟೆಪಟ್ಟಿಗಳಿಂದ ಬಿಗಿಯುವುದು. ಉಳಿಸಿದ ಎಳೆಯ ಮೂಲಕ ರಕ್ತ ಹರಿಯುತ್ತಿರುವುದರಿಂದ ಚರ್ಮ ಸಾಯದು. ಸುಮಾರು 25 ದಿನಗಳಲ್ಲಿ ಗಾಯ ಕೂಡಿಕೊಂಡ ಮೇಲೆ ಎಳೆಯನ್ನು ಕಡಿಯುವರು.

ಈ ವರದಿಯು ಯೂರೋಪಿನ ಶಸ್ತ್ರವೈದ್ಯದ ದಾರಿಯನ್ನು ಬದಲಿಸಿತು. ಲಂಡನ್ನಿನ ಜೋಸೆಫ್ ಕಾರ್ಪ್ಯೂ 1814ರಲ್ಲಿ ಈ ಕ್ರಮವನ್ನು ಅನುಸರಿಸಿ, 1816ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ಅಮೆರಿಕದ ಸ್ಟೀಫನ್ ಆರಿಯನ್ ಅವರು 1979ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ಎದೆಯ ಸ್ನಾಯುವನ್ನು ಮೇಲಣ ಚರ್ಮಸಹಿತ, ಅದರ ರಕ್ತನಾಳವನ್ನು ಕಡಿಯದೆ, ಮೇಲಕ್ಕೆ ತಿರುಗಿಸುವರು. ಬಾಯಿ ಗಂಟಲುಗಳಲ್ಲಿ ಅರ್ಬುದವನ್ನು ಕತ್ತರಿಸಿ ತೆಗೆದ ಜಾಗ ಇದರಿಂದ ತುಂಬುತ್ತದೆ. ಅಂಗ ಬೇರೆ, ಉಪಕರಣ ಬೇರೆ. ಜೀವದ ಎಳೆಯನ್ನು ಉಳಿಸುವ ತತ್ತ್ವ ಅದೇ.

ಚಿಕಿತ್ಸೆಯನ್ನು ಕಂಡ ಕ್ರೂಸೊ, ಫಿಂಡ್ಲೆ ಎಂಬ ಬೊಂಬಾಯಿಯ ವೈದ್ಯರ ಹೆಸರು ಉಳಿದಿದೆ. ಕಾವಸ್ಜಿಯ ಚಿತ್ರ ಬರೆದ ಜೇಮ್ಸ್ ವೇಲ್ಸನ ಹೆಸರೂ ಉಳಿದಿದೆ. ಚಿಕಿತ್ಸೆ ಮಾಡಿದವನ ಹೆಸರನ್ನು ಪತ್ರಿಕೆ ಹೇಳುವುದಿಲ್ಲ. ಸುಶ್ರುತನ ಕೀರ್ತಿಯನ್ನು ಕೊಂಡಾಡುವವರು ಈ ಅನಾಮಿಕನನ್ನೂ, ಬಿಜಾಪುರದ ಅವನ ಪೂರ್ವಸೂರಿಗಳನ್ನೂ ಮರೆಯಲಾಗದು. ಮೈಸೂರಿನ ಯುದ್ಧಗಳ ಚರಿತ್ರೆಯಲ್ಲಿ ಸೇನಾಪತಿಗಳ ಜೊತೆಗೆ ಇವರಿಗೂ ಒಂದು ಪುಟ ಸಲ್ಲಬೇಕು.