ಯಾವ ಗಳೆಯಲ್ಲಿ ಅಳೆದದ್ದು?

ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟ ಅಚ್ಚಾದದ್ದು 1905ರಲ್ಲಿ. ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ನನ್ನ ಸಂಶೋಧನೆಗೆ ಅದೇ ಆಧಾರ.

ಈಚೆಗೆ ಈ ಭಾಗದ ಶಾಸನಪಾಠಗಳ ಕಡತವೊಂದು ಕೈಸೇರಿತು. ಹಳೆಯ ಫಾಂಟಿನಿಂದ ಯೂನಿಕೋಡಿಗೆ ತಂದ ಪಠ್ಯ. ಒಂದೇ ಪದ ಒಂದು ಕಡೆ 'ೞ'ಕಾರದಲ್ಲಿದೆ, ಇನ್ನೊಂದು ಕಡೆ 'ಳ'ಕಾರದಲ್ಲಿ. ಕಲ್ಲಿನಲ್ಲೇ ಹಾಗಿದೆಯೋ, ಬೆರಳಚ್ಚು ಮಾಡಿದವರು ತಿದ್ದಿದರೋ, ಫಾಂಟು ಬದಲಿಸುವಾಗ ಕೆಟ್ಟಿತೋ? ಕಡತದಲ್ಲಿ ಯಾವ ನಿಯಮ ಪಾಲಿಸಿದೆ ಎಂಬ ಒಂದು ಸಾಲೂ ಇಲ್ಲ. ಇದು ಬರೀ ಕಾಗುಣಿತದ ತಕರಾರಲ್ಲ. 'ೞ', 'ಱ'ಗಳು ಬಳಕೆಯಿಂದ ಜಾರಿದ ಬಗೆಯನ್ನು ನೋಡಿ ತೇದಿಯಿಲ್ಲದ ಶಾಸನದ ಕಾಲವನ್ನು ಊಹಿಸುತ್ತೇವೆ. ಅಕ್ಷರ ತಪ್ಪಿದರೆ ಶತಮಾನವೇ ತಪ್ಪೀತು.

ತಂತ್ರಾಂಶ ಲೋಕದಲ್ಲಿ ಇದಕ್ಕೊಂದು ರೂಢಿಯಿದೆ. 1993ರಲ್ಲಿ ಆರಂಭವಾದ ಡೆಬಿಯನ್ ಯೋಜನೆಯಲ್ಲಿ ಪ್ರತಿ ಮೂಲ ಪ್ಯಾಕೇಜೂ ತಾನು ನೀತಿಪುಸ್ತಕದ ಯಾವ ಆವೃತ್ತಿಗೆ ಹೊಂದುತ್ತದೆ ಎಂದು 'ಸ್ಟ್ಯಾಂಡರ್ಡ್ಸ್-ವರ್ಷನ್' ಎಂಬ ಸಾಲಿನಲ್ಲಿ ಹೇಳುತ್ತದೆ. ನೀತಿ ಬದಲಾದಾಗ, ಆ ಆವೃತ್ತಿಯಿಂದೀಚೆಗೆ ಏನು ಬದಲಾಗಿದೆ ಎಂದಷ್ಟೇ ನೋಡಿದರೆ ಸಾಕು.

ಆಕ್ಷೇಪವೂ ಇದೆ. ಇಂದಿನ ನಿಯಮವೇ ಎಲ್ಲರ ನಿಯಮವಾದರೆ ಹಳೆಯ ಸಂಖ್ಯೆ ಏಕೆ? ಪರೀಕ್ಷಿಸದೆ ಸಂಖ್ಯೆಯೊಂದನ್ನೇ ಏರಿಸಿದರೆ ಅದು ಸುಳ್ಳಾಗುವುದಿಲ್ಲವೆ?

ಉತ್ತರ ನಮ್ಮ ಕಲ್ಲುಗಳಲ್ಲೇ ಇದೆ. ಎಷ್ಟೋ ಶಾಸನಗಳು ಶಕವರ್ಷದ ಜೊತೆಗೆ ಸಂವತ್ಸರವನ್ನೂ ಹೆಸರಿಸುತ್ತವೆ. ಎರಡೂ ತಾಳೆಯಾಗದಿದ್ದರೆ ನಮಗೆ ಅನುಮಾನ ಹುಟ್ಟುತ್ತದೆ. ಸುಮ್ಮನಿದ್ದ ಕಲ್ಲು ಅನುಮಾನಕ್ಕೂ ಎಡೆಗೊಡದು. ಬಳ್ಳಿಗಾವೆಯ ಶಾಸನಗಳು ದತ್ತಿಭೂಮಿಯನ್ನು ಹೇಳುವಾಗ 'ಭೇರುಂಡ ಗಳೆ'ಯಲ್ಲಿ ಅಳೆದದ್ದು ಎನ್ನುತ್ತವೆ. ಊರಿಗೊಂದು ಅಳತೆಗೋಲಿದ್ದ ಕಾಲದಲ್ಲಿ, ಕೋಲಿನ ಹೆಸರಿಲ್ಲದ ಮತ್ತರಿಗೆ ಅರ್ಥವೇನು? ಗಳೆಯ ಹೆಸರು ಅಳತೆ ಸರಿಯೆಂಬ ಪ್ರಮಾಣಪತ್ರವಲ್ಲ, ಮತ್ತೆ ಅಳೆಯಲು ಕೊಟ್ಟ ಅವಕಾಶ.

ಆ ಕಡತದ ಪದಗಳನ್ನು ಈಗ ರೈಸರ ಸಂಪುಟದೊಡನೆ, ಸಾಧ್ಯವಾದಲ್ಲಿ ಕಲ್ಲಿನೊಡನೆ, ಒಂದೊಂದಾಗಿ ಹೋಲಿಸುತ್ತಿದ್ದೇನೆ. ನನ್ನ ಕಡತದ ತಲೆಯ ಮೇಲೆ ಮಾತ್ರ ಮೊದಲೇ ಬರೆದಿಟ್ಟಿದ್ದೇನೆ: ಪಾಠ ಎಲ್ಲಿಂದ, 'ೞ', 'ಱ' ಉಳಿಸಿದೆಯೆ, ಕೊನೆಗೆ ನೋಡಿದ್ದು ಯಾವಾಗ. ಮುಂದೆ ನನ್ನ ತಪ್ಪು ಹಿಡಿಯುವವರಿಗೆ ಅಷ್ಟಾದರೂ ಸಿಗಲಿ.