ಕುನ್ನಿಗೆ ಎಷ್ಟು ರೊಕ್ಕ?

ಕುದುರೆಗೆ ಎಷ್ಟು ಕೊಡಬೇಕು ಎಂಬುದು ತುಂಗಭದ್ರೆಯ ದಂಡೆಯಲ್ಲಿ ಒಂದು ಕಾಲಕ್ಕೆ ರಾಜಕಾರಣದ ಪ್ರಶ್ನೆಯಾಗಿತ್ತು. ವಿಜಯನಗರದ ಅರಸ ಸಾಳುವ ನರಸಿಂಹ ಸಾವಿರ ವರಹಕ್ಕೆ ಮೂರರಂತೆ ಕುದುರೆ ಕೊಳ್ಳುತ್ತಿದ್ದನಂತೆ. ಬದುಕಿರಲಿ, ಸತ್ತಿರಲಿ, ದರ ಅದೇ. ಹಡಗಿನಲ್ಲೇ ಸತ್ತ ಕುದುರೆಯ ಬಾಲವನ್ನಷ್ಟೇ ತಂದು ತೋರಿಸಿದರೂ ವ್ಯಾಪಾರಿಗೆ ಪೂರ್ತಿ ಹಣ ಎಣಿಸಿ ಕೊಡುತ್ತಿದ್ದರು ಎಂದು ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ವ್ಯಾಪಾರಿಗಳು ಇನ್ನೊಬ್ಬ ರಾಜನ ಕಡೆ ಹೊರಳದಿರಲಿ ಎಂಬ ಲೆಕ್ಕ ಅದರಲ್ಲಿತ್ತು.

ಅದೇ ರಾಜಧಾನಿಯ, ಅಂದರೆ ಈಗಿನ ಹಂಪಿಯ, ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಬೇಟೆಯ ಸಾಲುಗಳಿವೆ. ಓಡುವ ಜಿಂಕೆ, ಬೇಟೆಗಾರರು, ಅವರ ಜೊತೆ ನಾಯಿಗಳು. ಕುದುರೆಯ ದರವನ್ನು ಬಾಲದವರೆಗೂ ಬರೆದ ನೂನಿಜ್‌ನ ಲೇಖನಿ ಈ ನಾಯಿಗಳ ದರದ ಕಡೆಗೆ ಹೊರಳಲಿಲ್ಲ.

ಹಂಪಿಯಿಂದ ಹೊಳೆ ದಾಟಿ, ಆನೆಗೊಂದಿ, ಗಂಗಾವತಿ ಹಾದು ಸಿಂಧನೂರಿನ ಕಡೆ ಹೊರಟರೆ ನಡುವೆ ಸಿಗುವ ಊರು ಕೊಪ್ಪಳ ಜಿಲ್ಲೆಯ ಕಾರಟಗಿ. ಸುತ್ತ ಭತ್ತದ ಗದ್ದೆ, ಸಾಲು ಸಾಲು ಅಕ್ಕಿ ಗಿರಣಿ. ಇವತ್ತು ಇಲ್ಲಿಯ ಮನೆಯೊಂದರಲ್ಲಿ ನಾಯಿ ಸಾಕುವ ಮಾತೆದ್ದರೆ ಮೊದಲ ಪ್ರಶ್ನೆ, "ಎಷ್ಟಕ್ಕ ಸಿಗತೈತಿ?" ಈ ಪ್ರಶ್ನೆಗೆ ಹೆಚ್ಚು ವಯಸ್ಸಾಗಿಲ್ಲ. ಈಗಿನ ಮನೆಯ ಹಿರಿಯರು ಹುಡುಗರಾಗಿದ್ದಾಗ ಕುನ್ನಿಯನ್ನು ಯಾರೂ ಕೊಂಡು ತರುತ್ತಿರಲಿಲ್ಲ. ಓಣಿಯ ನಾಯಿ ಈದರೆ ಅದರಲ್ಲೊಂದು ಮರಿಯನ್ನು ಹುಡುಗರು ಎತ್ತಿಕೊಂಡು ಬರುತ್ತಿದ್ದರು. ಮನೆಯವರು ಬೈಯುತ್ತಿದ್ದರು, ಎರಡು ದಿನ ಬಿಟ್ಟು ಅವರೇ ರೊಟ್ಟಿ ಹಾಕುತ್ತಿದ್ದರು. ವ್ಯವಹಾರ ಅಲ್ಲಿಗೆ ಮುಗಿಯುತ್ತಿತ್ತು.

ಹಾಗೆಂದು ನಾಯಿ ಪುಕ್ಕಟೆಯಾಗಿತ್ತು ಎನ್ನುವಂತಿಲ್ಲ. ಬೆಲೆ ಇತ್ತು, ಅದನ್ನು ರೊಕ್ಕದಲ್ಲಿ ಎಣಿಸುತ್ತಿರಲಿಲ್ಲ, ಅಷ್ಟೆ. ಕನ್ನಡ ನಾಡಿನಲ್ಲಿ ಇದಕ್ಕೆ ಕಲ್ಲಿನ ಮೇಲೆ ಕೊರೆದ ಸಾಕ್ಷಿಯೇ ಇದೆ. ಶಕವರ್ಷ 872, ಅಂದರೆ ಕ್ರಿ.ಶ. 949-50. ರಾಷ್ಟ್ರಕೂಟರ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ. ಅವನ ಪರವಾಗಿ ಹೋರಾಡಿದ ಗಂಗ ಅರಸ ಇಮ್ಮಡಿ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಆ ಯುದ್ಧದಲ್ಲಿ ಬೂತುಗನ ಕಡೆಯ ಮಣಲೆರ ಎಂಬ ವೀರ ಕಾದಾಡಿದ ಬಗೆಗೆ ಅರಸ ಮೆಚ್ಚಿ, ಬೇಕಾದುದನ್ನು ಬೇಡು ಎಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಮಣಲೆರ ಕೇಳಿದ್ದು ಅರಸನ ಬೇಟೆ ನಾಯಿಯನ್ನು. ಅದರ ಹೆಸರು ಕಾಳಿ.

ಮುಂದೆ ಆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಈಗಿನ ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ನಾಯಿಗೆ ಕಲ್ಲು ನಿಲ್ಲಿಸಿದರು. ಕಲ್ಲಿನ ನಡುವೆ ಹಂದಿಯೊಡನೆ ಸೆಣಸುವ ಕಾಳಿಯ ಚಿತ್ರ, ಸುತ್ತ ಬರಹ. ಕಲ್ಲಿನ ಪೂಜೆ ನಡೆಯಲೆಂದು ಭೂಮಿ ಬಿಟ್ಟರು. ನೋಡಿಕೊಳ್ಳುವ ಗೊರವ, ಅಂದರೆ ಶೈವ ಪೂಜಾರಿ, ಅದನ್ನು ಪೂಜಿಸದೆ ಉಣ್ಣಬಾರದೆಂಬ ಕಟ್ಟಳೆಯನ್ನೂ ಹಾಕಿದರು. ಈಗ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿ ಸಿಕ್ಕಿದ್ದು ಒಂದು ಯುದ್ಧದ ಶೌರ್ಯಕ್ಕೆ ಬದಲಾಗಿ, ಅದರ ನೆನಪಿಗೆ ಸಂದದ್ದು ಒಂದು ಹೊಲ. ಇಷ್ಟು ಕೊಟ್ಟು ನಾಯಿ ಪಡೆದವರು, ಸತ್ತ ಮೇಲೂ ಅದಕ್ಕೆ ಇಷ್ಟು ಕೊಟ್ಟವರು ಇಡೀ ಇತಿಹಾಸದಲ್ಲಿ ವಿರಳ.

ಅರಮನೆಗೆ ನಾಯಿಯೆಂದರೆ ವಿನೋದವೂ ಹೌದು. ಹನ್ನೆರಡನೆಯ ಶತಮಾನದ ಕಲ್ಯಾಣ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಕುಸ್ತಿ, ಕೋಳಿ ಕಾಳಗ, ಮೀನು ಬೇಟೆಗಳ ಜೊತೆಗೆ ನಾಯಿಗಳಿಗೂ ಒಂದು ಭಾಗ ಮೀಸಲಿಟ್ಟ, ಸಾರಮೇಯ ವಿನೋದ ಎಂದು ಅದರ ಹೆಸರು. ಆಗ ಕಾರಟಗಿ ಸೀಮೆಯೂ ಚಾಲುಕ್ಯರ ಆಳ್ವಿಕೆಗೆ ಸೇರಿತ್ತು. ಆದರೆ ಕೊಪ್ಪಳ ಸೀಮೆಯ ನಾಯಿಯ ನಿಜವಾದ ಚರಿತ್ರೆ ಅರಮನೆಯದಲ್ಲ, ಕುರಿಹಟ್ಟಿಯದು.

ತುಂಗಭದ್ರೆಯ ಕಾಲುವೆ ಬರುವ ಮೊದಲು ಇದು ಮಳೆ ನಂಬಿದ ನಾಡು. ಜೋಳ, ಸಜ್ಜೆ, ಹತ್ತಿ, ಅದರಾಚೆ ಕಲ್ಲುಗುಡ್ಡ, ಕುರುಚಲು. ಕುರಿ ಕಾಯುವವರು ಹಿಂಡು ಹೊಡೆದುಕೊಂಡು ತಿಂಗಳುಗಟ್ಟಲೆ ಊರೂರು ತಿರುಗುತ್ತಿದ್ದರು. ರಾತ್ರಿ ರೈತರ ಹೊಲದಲ್ಲಿ ಕುರಿ ನಿಲ್ಲಿಸುತ್ತಿದ್ದರು. ಹೊಲಕ್ಕೆ ಹಿಕ್ಕೆ, ಕುರಿಗಾರನಿಗೆ ಕಾಳು. ಆ ಕಾಳಿನಲ್ಲಿ ನಾಯಿಯದೂ ಒಂದು ಪಾಲು. ನಾಯಿ ಇಲ್ಲದ ಹಿಂಡಿಗೆ ತೋಳ ಬಿದ್ದರೆ ಒಂದೇ ರಾತ್ರಿಗೆ ಮೂರು ನಾಲ್ಕು ಮರಿ ಹೋದವೆಂದೇ ಲೆಕ್ಕ. ಕುರಿಗಾರನ ನಾಯಿ ತೋಳನನ್ನು ಕೊಲ್ಲಬೇಕಾಗಿರಲಿಲ್ಲ. ಹೊತ್ತಿಗೆ ಸರಿಯಾಗಿ ಬೊಗಳಿದರೆ ಸಾಕು, ಮಿಕ್ಕಿದ್ದನ್ನು ಬಡಿಗೆ ಹಿಡಿದ ಮನುಷ್ಯ ನೋಡಿಕೊಳ್ಳುತ್ತಿದ್ದ. ಇದು ಸಂಬಳವಿಲ್ಲದ ಚಾಕರಿ, ಕೂಳಿನ ಚಾಕರಿ. ಎರಡು ಹೊತ್ತಿನ ರೊಟ್ಟಿ, ಅಂಬಲಿ ಕೊಡಲಾರದವನು ನಾಯಿ ಕಟ್ಟಿಕೊಳ್ಳುವಂತಿರಲಿಲ್ಲ. ಬರ ಬಂದ ವರ್ಷ ಮನೆಯ ಮಕ್ಕಳಿಗೇ ರೊಟ್ಟಿ ಸಾಲದಾಗ ಈ ಲೆಕ್ಕದ ಬಿಸಿಯನ್ನು ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

ಕುರಿ ಕಾಯುವ ಇದೇ ಕುರುಬರು ಹೆಚ್ಚಾಗಿ ನಡೆದುಕೊಳ್ಳುವ ಮೈಲಾರಲಿಂಗನ ಗೊರವರದು ಇನ್ನೊಂದು ಬಗೆ. ಕರಿ ಕಂಬಳಿ ಹೊದ್ದ ಗೊರವಯ್ಯ ತನ್ನನ್ನು ದೇವರ ನಾಯಿಯೆಂದೇ ಕರೆದುಕೊಳ್ಳುತ್ತಾನೆ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ದೋಣಿ ತುಂಬುವ ಸೇವೆಯಲ್ಲಿ ಹಾಲು, ತುಪ್ಪ, ಬಾಳೆಹಣ್ಣು ಹಾಕಿದ ಬಟ್ಟಲಿಗೆ ಗೊರವರು ಬೊಗಳುತ್ತ ಬಾಯಿ ಹಾಕಿ ತಿನ್ನುತ್ತಾರೆ. ದೇವರ ಮನೆಯ ನಾಯಿಗೆ ಕೂಳಿಡುವುದು ಭಕ್ತನ ಹರಕೆ. ಬೈಗುಳಕ್ಕೆಂದೇ ನಾಯಿಯ ಹೆಸರೆತ್ತುವ ಜನ ಒಂದು ದಿನದ ಮಟ್ಟಿಗೆ ಅದರ ಎದುರು ಕೈಮುಗಿಯುತ್ತಾರೆ.

ಬೇಟೆಯವರ ನಾಯಿ ಬೇರೆ ತಳಿ, ಬೇರೆ ಕಥೆ. ತೆಳ್ಳನೆಯ ಮೈ, ಉದ್ದ ಮೂತಿ, ಮೊಲದ ಬೆನ್ನು ಹತ್ತಿದರೆ ಬಿಡದ ಓಟ. ಮುಧೋಳದ ಸಂಸ್ಥಾನಿಕ ಮಾಲೋಜಿರಾವ್ ಘೋರ್ಪಡೆ (1884-1937) ಇಂಥ ನಾಯಿಗಳನ್ನು ತನ್ನ ಸೀಮೆಯ ಬೇಡರ ಬಳಿ ಕಂಡು, ಅರಮನೆಯಲ್ಲಿ ಸಾಕಿ ತಳಿ ಬೆಳೆಸಿದ. ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಒಂದು ಜೋಡಿ ಕಾಣಿಕೆ ಕೊಟ್ಟ. ಅಲ್ಲಿಂದ ಬೇಡರ ನಾಯಿ ‘ಮುಧೋಳ ನಾಯಿ’ ಆಯಿತು. ಹೆಸರು ಊರಿಗೆ ಸಂದಿತು, ಕೀರ್ತಿ ಅರಮನೆಗೆ ಸಂದಿತು. ಮೊದಲು ಸಾಕಿದವರ ಪಾಲಿಗೆ ಏನೂ ಬಂದಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲಂತೂ ಬೇಟೆಯೇ ಅಪರಾಧವಾಗಿ, ಆ ಓಟಕ್ಕೆ ಕಾನೂನಿನ ಪ್ರಕಾರ ಕೆಲಸವೇ ಇಲ್ಲವಾಯಿತು.

ಸರ್ಕಾರ ಎಂಬುದು ನಾಯಿಗೆ ಬೆಲೆ ಕಟ್ಟಿದ ರೀತಿಯೇ ಬೇರೆ. 1832ರಲ್ಲಿ ಮುಂಬಯಿಯಲ್ಲಿ ಬೀದಿ ನಾಯಿ ಕೊಂದವರಿಗೆ ತಲೆಗೆ ಎಂಟಾಣೆ ಇನಾಮು ಇತ್ತು. ಇನಾಮಿನಾಸೆಗೆ ಸಾಕಿದ ನಾಯಿಗಳ ಮೇಲೂ ಕೈ ಬಿತ್ತು. ನಾಯಿಯನ್ನು ಪವಿತ್ರವೆಂದು ತಿಳಿಯುವ ಪಾರ್ಸಿಗಳು ಬೀದಿಗಿಳಿದರು, ದಂಗೆಯೇ ಆಯಿತು. ಅತ್ತ ಬ್ರಿಟನ್ನಿನಲ್ಲಿ 1878ರಿಂದ ನಾಯಿ ಸಾಕುವವರು ವರ್ಷಕ್ಕೆ ಏಳು ಶಿಲಿಂಗ್ ಆರು ಪೆನ್ಸ್ ಕಟ್ಟಿ ಪರವಾನಗಿ ಪಡೆಯಬೇಕಿತ್ತು. ಶತಮಾನ ಕಳೆದರೂ ಆ ಮೊತ್ತ ಏರಲೇ ಇಲ್ಲ. ವಸೂಲಿಯ ಖರ್ಚೇ ಹೆಚ್ಚಾಗಿ 1987ರಲ್ಲಿ ಅದನ್ನು ಕೈಬಿಟ್ಟರು.

ಕಾರಟಗಿಯ ನಾಯಿಯ ಜಾತಕ ಬದಲಾದದ್ದು 1953ರಲ್ಲಿ. ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆಗೆ ನೀರು ಬಂತು. ನಿಜಾಮನ ಸಂಸ್ಥಾನದಿಂದ ಐದು ವರ್ಷದ ಹಿಂದಷ್ಟೇ ಹೊರಬಂದಿದ್ದ ಸೀಮೆಗೆ ಆಂಧ್ರದ ಕಡೆಯಿಂದ ರೈತ ಕುಟುಂಬಗಳು ಬಂದು ಭೂಮಿ ಕೊಂಡು, ಮಟ್ಟ ಮಾಡಿ, ಭತ್ತ ನಾಟಿ ಮಾಡಿದವು. ಅವರು ನೆಲೆಸಿದ ಜಾಗಗಳಿಗೆ ಈಗಲೂ ‘ಕ್ಯಾಂಪ್’ ಎಂದೇ ಹೆಸರು. ಜೋಳದ ಹೊಲ ಗದ್ದೆಯಾಯಿತು. ಮನೆಯ ತಾಟು ಬದಲಾದಂತೆ ನಾಯಿಯ ತಟ್ಟೆಯೂ ಬದಲಾಯಿತು. ರೊಟ್ಟಿ ಚೂರಿನ ಜಾಗಕ್ಕೆ ಅನ್ನ, ಗಿರಣಿಯಿಂದ ಬಂದ ನುಚ್ಚು. ಹಿಂಡು ಮೇಯುತ್ತಿದ್ದ ಬೀಳು ನೆಲ ಕಡಿಮೆಯಾಗಿ ಕುರಿಗಾರರು ಭತ್ತ ಕೊಯ್ದ ಗದ್ದೆಗಳನ್ನು ಹುಡುಕುವಂತಾಯಿತು. ಕಾಯಲು ಈಗ ಬೇರೆ ಆಸ್ತಿ ಬಂತು: ಗಿರಣಿ, ಗೋದಾಮು, ಚೀಲದ ಸಾಲು, ತೋಟದ ಮೋಟಾರು. ರೊಕ್ಕ ಬಂತು. ಹಿಂದೆಯೇ ‘ಜಾತಿ ನಾಯಿ’ ಬಂತು.

ಜಾತಿ ನಾಯಿಗೆ ಅಂಗಡಿ ಬೇಕು, ಕಾಗದ ಬೇಕು, ಜಾಹೀರಾತು ಬೇಕು. ಮೊದಲು ಬಿಳಿ ಪೊಮೇರಿಯನ್, ಆಮೇಲೆ ಅಲ್ಸೇಷಿಯನ್, ಆಮೇಲೆ ಲ್ಯಾಬ್ರಡಾರ್. 2003ರಲ್ಲಿ ಮೊಬೈಲ್ ಕಂಪನಿ ಹಚ್‌ನ ಜಾಹೀರಾತಿನಲ್ಲಿ ಹುಡುಗನ ಬೆನ್ನು ಬಿಡದ ಪಗ್ ಟಿವಿಯಲ್ಲಿ ಓಡಾಡಿದ್ದೇ ತಡ, ದೇಶದ ತುಂಬ ಪಗ್‌ಗೆ ಬೇಡಿಕೆ ಹುಟ್ಟಿತು. ಚಪ್ಪಟೆ ಮೂಗಿನ ಆ ನಾಯಿಗೆ ಸೆಕೆಯಲ್ಲಿ ಉಸಿರಾಡುವುದೇ ಕಷ್ಟ ಎಂಬುದನ್ನು ಜಾಹೀರಾತು ಹೇಳಲಿಲ್ಲ. ಕಾರಟಗಿಯ ಏಪ್ರಿಲ್, ಮೇ ಬಿಸಿಲಿಗೆ ಮನುಷ್ಯರೇ ಏದುಸಿರು ಬಿಡುತ್ತಾರೆ. ಅಲ್ಲಿಗೆ ಹಿಮದ ನಾಡಿನ ಹಸ್ಕಿ ತಂದವನು ನಾಯಿಯ ಜೊತೆಗೆ ಏಸಿಯ ಕರೆಂಟ್ ಬಿಲ್ಲನ್ನೂ ಕೊಂಡಂತೆಯೇ. ಮಾರುವವನ ದರಪಟ್ಟಿಯಲ್ಲಿ ಅದು ಇರುವುದಿಲ್ಲ.

2023ರ ಜನವರಿಯಲ್ಲಿ ಪಕ್ಕದ ಬಳ್ಳಾರಿ ಉತ್ಸವಕ್ಕೆ ಬೆಂಗಳೂರಿನಿಂದ ಒಂದು ಕಕೇಶಿಯನ್ ಶೆಫರ್ಡ್ ನಾಯಿ ಬಂತು. ಅದರ ಬೆಲೆ 20 ಕೋಟಿ ಎಂದು ಸಾಕಿದವರು ಹೇಳಿದರು. ಜನ ಸಾಲುಗಟ್ಟಿ ಸೆಲ್ಫಿ ತೆಗೆದುಕೊಂಡರು. 2025ರಲ್ಲಿ ಬೆಂಗಳೂರಿನಿಂದಲೇ ಇನ್ನೂ ದೊಡ್ಡ ಸುದ್ದಿ: 50 ಕೋಟಿಯ ತೋಳ-ನಾಯಿ. ಈ ಸಲ ಸುದ್ದಿಯ ಹಿಂದೆಯೇ ಜಾರಿ ನಿರ್ದೇಶನಾಲಯದವರು ಮನೆ ಬಾಗಿಲಿಗೆ ಬಂದರು. ಅಷ್ಟು ಹಣ ಕೊಟ್ಟ ಕುರುಹೇ ಸಿಗಲಿಲ್ಲ, ಹೇಳಿದ್ದು ನಿಜವಲ್ಲ ಎಂದು ಗೊತ್ತಾಯಿತು. ಕಾಳಿಯನ್ನು ಬೇಡಿದ ಮಣಲೆರನಿಗೆ ನಾಯಿಯ ಮೇಲೆ ಕಣ್ಣಿತ್ತು. ಇಲ್ಲಿ ಎಲ್ಲರ ಕಣ್ಣೂ ಸೊನ್ನೆಗಳ ಮೇಲೆ.

ನಿಜವಾದ ವ್ಯಾಪಾರದ ಸುತ್ತ ಇತ್ತೀಚೆಗೆ ಕಾನೂನಿನ ಬೇಲಿಯೂ ಬಿದ್ದಿದೆ. 2016ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ತಳಿ ವ್ಯಾಪಾರಕ್ಕೆಂದು ವಿದೇಶಿ ನಾಯಿ ತರಿಸುವುದನ್ನು ನಿರ್ಬಂಧಿಸಿತು. 2017ರ ನಿಯಮಗಳ ಪ್ರಕಾರ ತಳಿಗಾರರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಎರಡು ತಿಂಗಳು ತುಂಬದ ಮರಿಯನ್ನು ಮಾರುವಂತಿಲ್ಲ. 2022ರಲ್ಲಿ ಬಂದ ‘777 ಚಾರ್ಲಿ’ ಸಿನಿಮಾದ ಲ್ಯಾಬ್ರಡಾರ್ ಓಡಿಬಂದದ್ದು ಈ ಬೇಲಿಗೆ ಸೊಪ್ಪು ಹಾಕದ ಒಬ್ಬ ಕಳ್ಳ ತಳಿಗಾರನ ಗೂಡಿನಿಂದ. ಥಿಯೇಟರಿನಲ್ಲಿ ಅತ್ತು ಬಂದವರಲ್ಲಿ ಎಷ್ಟು ಜನ ಮಾರನೇ ದಿನ ಲ್ಯಾಬ್ರಡಾರ್ ದರ ವಿಚಾರಿಸಿದರೋ!

ನಾಡತಳಿಗೂ ಈಗ ರೊಕ್ಕದ ಬೆಲೆ ಇದೆ. ಮುಧೋಳ ಬಳಿಯ ತಿಮ್ಮಾಪುರದಲ್ಲಿ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ಮುಧೋಳ ನಾಯಿ 2016ರಲ್ಲಿ ಸೇನೆಯ ಮೀರತ್ ಕೇಂದ್ರಕ್ಕೂ ತರಬೇತಿಗೆ ಹೋಯಿತು. ಸುತ್ತಲಿನ ರೈತಾಪಿ ಮನೆಗಳು ಮರಿ ಮಾಡಿಸಿ ಮಾರುತ್ತವೆ.

ಮರಿಯೊಂದಕ್ಕೆ 12,000 ರೂಪಾಯಿ ಎಂದೇ ಇಟ್ಟುಕೊಳ್ಳಿ. ದಿನಕ್ಕೆ 50 ರೂಪಾಯಿಯ ಅನ್ನ, ಹಾಲು, ಮೊಟ್ಟೆ ಎಂದರೂ ವರ್ಷಕ್ಕೆ 18,250. ಹನ್ನೆರಡು ವರ್ಷ ಬದುಕಿದರೆ 2,19,000. ಸೂಜಿ, ಔಷಧ ಬೇರೆ. ಕೊಂಡ ಬೆಲೆ ಒಟ್ಟು ಖರ್ಚಿನ ಹದಿನೆಂಟರಲ್ಲಿ ಒಂದು ಪಾಲೂ ಆಗುವುದಿಲ್ಲ. ಕುರಿಹಟ್ಟಿಯವರು ರೊಟ್ಟಿಯಲ್ಲಿ ಎಣಿಸುತ್ತಿದ್ದದ್ದೂ ಈ ದೊಡ್ಡ ಪಾಲನ್ನೇ. ಸೂಜಿಯನ್ನು ಮಾತ್ರ ಅವರು ಎಣಿಸುತ್ತಿರಲಿಲ್ಲ, ಅದಕ್ಕೆ ಮನುಷ್ಯರು ತೆತ್ತರು. ಹುಚ್ಚುನಾಯಿ ಕಚ್ಚಿದರೆ ಹೊಟ್ಟೆಗೆ ಚುಚ್ಚುತ್ತಿದ್ದ ಹದಿನಾಲ್ಕು ಇಂಜೆಕ್ಷನ್ ಹಳಬರಿಗೆ ನೆನಪಿರಬೇಕು. 1911ರಲ್ಲಿ ಡೇವಿಡ್ ಸೆಂಪಲ್ ಕಸೌಲಿಯಲ್ಲಿ ರೂಪಿಸಿದ ಆ ಬಗೆಯ ಲಸಿಕೆಯನ್ನು ಭಾರತ ನಿಲ್ಲಿಸಿದ್ದು 2004ರ ಕೊನೆಗೆ.

ಸೂಜಿಯ ಈ ಲೆಕ್ಕ ಈಗ ತೋಳದವರೆಗೂ ಹೋಗಿದೆ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ 332 ಹೆಕ್ಟೇರ್ ಕುರುಚಲು ಕಾಡು ಈಗ ತೋಳಗಳ ವನ್ಯಧಾಮ, ರಾಜ್ಯದಲ್ಲಿ ಮೊದಲನೆಯದು. ಕುರಿಗಾರ ಯಾವ ಪ್ರಾಣಿಗೆ ಹೆದರಿ ನಾಯಿ ಸಾಕಿದನೋ ಆ ತೋಳಕ್ಕೆ ಈಗ ಊರ ನಾಯಿಯಿಂದಲೇ ಅಪಾಯ: ಒಂದು, ನಾಯಿಯ ರೋಗ ತಗಲುವುದು; ಇನ್ನೊಂದು, ನಾಯಿಯೊಡನೆ ಬೆರೆತು ತಳಿಯೇ ಕಲಬೆರಕೆಯಾಗುವುದು. ತಡೆಯಬೇಕೆಂದರೆ ಸುತ್ತಲಿನ ಹಳ್ಳಿಗಳ ನಾಯಿಗಳಿಗೆ ಲಸಿಕೆ ಹಾಕಬೇಕು, ಸಂತಾನಹರಣ ಮಾಡಿಸಬೇಕು. ರೊಟ್ಟಿ ಹಾಕಿ ಸಾಕಿದ ನಾಯಿಗೆ ಆ ಖರ್ಚು ಯಾರದು? ಕುರಿಗಾರನದೋ, ಪಂಚಾಯಿತಿಯದೋ, ಅರಣ್ಯ ಇಲಾಖೆಯದೋ?